ಬನ್ನಂಜೆಯ ನೆರೆಯೂ ಬೆಂಗಳೂರಿನ ಗಣಿತವೂ

ಉಡುಪಿ: ಮಳೆಗಾಲ ಕಾಲಿಟ್ಟಿತೆಂದರೆ ಕರಾವಳಿಯಲ್ಲಿ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳದೇ ಮಾತು. 24 ಗಂಟೆಗಳ ಅವಧಿಯಲ್ಲಿ 204.4 ಮಿಲಿಮೀಟರ್ ಮೀರಿ ಮಳೆ ಸುರಿಯುವ ಸಂಭವವಿದ್ದರೆ ಭಾರತೀಯ ಹವಾಮಾನ ಇಲಾಖೆ ಜಿಲ್ಲೆಗೆ ಕೆಂಪು ಎಚ್ಚರಿಕೆ ನೀಡುತ್ತದೆ. ಜಿಲ್ಲಾಡಳಿತ ಶಾಲೆಗಳಿಗೆ ರಜೆ ಸಾರುತ್ತದೆ. ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಸೂಚನೆ ಹೊರಡುತ್ತದೆ. ಇಷ್ಟಾದರೂ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಜಿಲ್ಲೆಗೆ ಎಷ್ಟು ಮಳೆ ಎಂಬುದಕ್ಕಿಂತ, ನೀರು ತಮ್ಮ ಅಂಗಳಕ್ಕೆ ಎಷ್ಟು ಹೊತ್ತಿಗೆ ಬರುತ್ತದೆ, ಹೊಸ್ತಿಲು ದಾಟುತ್ತದೆಯೇ, ದಾಟಿದರೆ ಎಷ್ಟು ಏರುತ್ತದೆ ಎಂಬುದು ಅವರಿಗೆ ಬೇಕಾದ ಮಾಹಿತಿ.

2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿ ನಗರ ಈ ಪ್ರಶ್ನೆಯನ್ನು ಮುಖಾಮುಖಿಯಾಗಿ ಎದುರಿಸಿತು. ಹಿಂದಿನ ರಾತ್ರಿಯಿಂದ ಬಿಡದೆ ಸುರಿದ ಮಳೆಗೆ ಬನ್ನಂಜೆ, ಕಲ್ಸಂಕ, ಗುಂಡಿಬೈಲು, ಮಠದಬೆಟ್ಟು ಮೊದಲಾದ ತಗ್ಗು ಪ್ರದೇಶಗಳು ಜಲಾವೃತವಾದವು. ಬೆಳಗಾಗುವಷ್ಟರಲ್ಲಿ ಮನೆಗಳ ಒಳಗೆ ನೀರು ನಿಂತಿತ್ತು. ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಮಣಿಪಾಲ, ಇಂದ್ರಾಳಿಯ ಎತ್ತರದಿಂದ ಹೊರಟು ಕಲ್ಸಂಕದ ಮೂಲಕ ಕಲ್ಮಾಡಿ, ಮಲ್ಪೆಯ ಕಡೆಗೆ ಹರಿಯುವ ಇಂದ್ರಾಣಿ, ಬೇಸಗೆಯಲ್ಲಿ ಕಂಡರೆ ಸಾಧಾರಣ ತೋಡು. ಅದೇ ತೋಡು ಅಂದು ನಗರದ ಬೀದಿಗಳನ್ನೇ ತನ್ನ ಪಾತ್ರವನ್ನಾಗಿ ಮಾಡಿಕೊಂಡಿತು.

ಇಂಥ ಒಂದು ನೆರೆಯನ್ನು ಬೀದಿಯ ಮಟ್ಟದಲ್ಲಿ, ಕೆಲವು ಗಂಟೆಗಳ ಮೊದಲೇ ಲೆಕ್ಕ ಹಾಕಿ ಹೇಳಲು ಸಾಧ್ಯವೇ? ಸಾಧ್ಯವೆನ್ನುವ ಗಣಿತವೊಂದು ಕಳೆದ ಐದು ದಶಕಗಳಿಂದ ಬೆಳೆದು ನಿಂತಿದೆ. ಅದರ ಹೆಸರು ಡಿಸ್‌ಕಂಟಿನ್ಯುಯಸ್ ಗ್ಯಾಲರ್ಕಿನ್ ವಿಧಾನ. ಬಲ್ಲವರ ನಡುವೆ ಚಿಕ್ಕದಾಗಿ ‘ಡಿಜಿ ವಿಧಾನ’. ಹೆಸರು ಕಠಿಣವಾದರೂ ಹುರುಳು ಸರಳವಾದದ್ದು. ಈ ಗಣಿತದ ಬೆಳವಣಿಗೆಯಲ್ಲಿ ಕರ್ನಾಟಕದ ರಾಜಧಾನಿಗೂ ಪಾಲಿದೆ ಎಂಬುದು ಗಮನಾರ್ಹ. ಹಾಗಾದರೆ ತೊಡಕು ಇರುವುದು ಎಲ್ಲಿ ಎಂಬುದೇ ವಿಚಾರ ಮಾಡಬೇಕಾದ ಸಂಗತಿ.

ಇಡೀ ನಗರಕ್ಕೆ ಎರಡೇ ಚೌಕ

ಮೊದಲು ಈಗಿರುವ ವ್ಯವಸ್ಥೆಯನ್ನು ನೋಡಬಹುದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ಭಾರತ್ ಮುನ್ಸೂಚನಾ ವ್ಯವಸ್ಥೆ’ಯನ್ನು ಕೇಂದ್ರ ಸರ್ಕಾರ 2025ರ ಮೇ 26ರಂದು ದೇಶಕ್ಕೆ ಅರ್ಪಿಸಿತು. ಭೂಮಂಡಲವನ್ನು ಚೌಕಗಳನ್ನಾಗಿ ವಿಂಗಡಿಸಿ ಪ್ರತಿ ಚೌಕದ ಗಾಳಿ, ತೇವ, ಉಷ್ಣತೆಗಳನ್ನು ಲೆಕ್ಕ ಹಾಕುವುದು ಇಂಥ ವ್ಯವಸ್ಥೆಗಳ ಕ್ರಮ. ಹಿಂದೆ 12 ಕಿಲೋಮೀಟರ್ ಇದ್ದ ಚೌಕದ ಅಳತೆ ಈಗ 6 ಕಿಲೋಮೀಟರಿಗೆ ಇಳಿದಿದೆ. ಪುಣೆಯಲ್ಲಿ ಸ್ಥಾಪಿಸಿದ ‘ಅರ್ಕಾ’ ಎಂಬ ಮಹಾಗಣಕ ಈ ಕೆಲಸಕ್ಕೆ ಬೆನ್ನೆಲುಬಾಗಿದೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ.

ಆದರೆ ಉಡುಪಿಯ ದೃಷ್ಟಿಯಿಂದ ಲೆಕ್ಕ ಹಾಕಿದರೆ ಚಿತ್ರ ಬೇರೆಯಾಗುತ್ತದೆ. ಆರು ಕಿಲೋಮೀಟರ್ ಉದ್ದಗಲದ ಒಂದು ಚೌಕದ ವಿಸ್ತೀರ್ಣ 36 ಚದರ ಕಿಲೋಮೀಟರ್. ಉಡುಪಿ ನಗರಸಭೆಯ ವ್ಯಾಪ್ತಿ ಸುಮಾರು 68 ಚದರ ಕಿಲೋಮೀಟರ್. ಅಂದರೆ ಮಣಿಪಾಲದ ಗುಡ್ಡ, ಬನ್ನಂಜೆಯ ತಗ್ಗು, ಮಲ್ಪೆಯ ಕಡಲದಂಡೆ ಎಲ್ಲವೂ ಸೇರಿ ಸುಮಾರು ಎರಡು ಚೌಕ. ಆ ಚೌಕದೊಳಗೆ ಗುಡ್ಡಕ್ಕೂ ತಗ್ಗಿಗೂ ವ್ಯತ್ಯಾಸವಿಲ್ಲ. ಅದು ಹೇಳುವುದು ಆಕಾಶದಿಂದ ಬೀಳುವ ನೀರಿನ ಸುದ್ದಿಯನ್ನು. ಬಿದ್ದ ನೀರು ನೆಲದ ಮೇಲೆ ಎತ್ತ ಹರಿಯುತ್ತದೆ ಎಂಬುದು ಬೇರೆಯೇ ಲೆಕ್ಕ. ಮಳೆಯ ಮುನ್ಸೂಚನೆ ಒಂದು, ನೆರೆಯ ಮುನ್ಸೂಚನೆ ಇನ್ನೊಂದು ಎಂಬ ಈ ಅಂತರ ಸಾರ್ವಜನಿಕ ಚರ್ಚೆಯಲ್ಲಿ ಹಲವು ಬಾರಿ ಮರೆಯಾಗುತ್ತದೆ.

ನೀರಿನ ಜಮಾ-ಖರ್ಚು

ನೆಲದ ಮೇಲೆ ಹರಿಯುವ ನೀರಿನ ನಿಯಮಗಳು ಹೊಸತಲ್ಲ. ಫ್ರಾನ್ಸಿನ ಎಂಜಿನಿಯರ್ ಸೇಂಟ್ ವೆನಾಂಟ್ 1871ರಲ್ಲಿಯೇ ಅವುಗಳನ್ನು ಸಮೀಕರಣದ ರೂಪದಲ್ಲಿ ಬರೆದಿಟ್ಟಿದ್ದರು. ಅವುಗಳ ತಿರುಳು ಎರಡೇ ಮಾತು. ಒಂದು, ನೀರು ಎಲ್ಲಿಯೂ ಹುಟ್ಟುವುದಿಲ್ಲ, ಎಲ್ಲಿಯೂ ಮಾಯವಾಗುವುದಿಲ್ಲ. ಒಂದು ಜಾಗಕ್ಕೆ ಬಂದ ನೀರಿನಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಉಳಿದದ್ದೇ ಅಲ್ಲಿಯ ಮಟ್ಟದ ಏರಿಕೆ. ಎರಡು, ನೀರಿನ ವೇಗ ಬದಲಾಗುವುದು ಇಳಿಜಾರು, ಒತ್ತಡ ಹಾಗೂ ನೆಲದ ಘರ್ಷಣೆಗಳಿಂದ. ಆಳ, ವೇಗಗಳು ಕಾಲದೊಂದಿಗೂ ಸ್ಥಳದೊಂದಿಗೂ ಬದಲಾಗುವುದರಿಂದ ಇವು ‘ಆಂಶಿಕ ಅವಕಲ ಸಮೀಕರಣ’ಗಳೆಂಬ ಗುಂಪಿಗೆ ಸೇರುತ್ತವೆ.

ನಿಯಮ ಗೊತ್ತಿದ್ದ ಮಾತ್ರಕ್ಕೆ ಉತ್ತರ ಗೊತ್ತಾಗುವುದಿಲ್ಲ. ತೋಡು, ಗದ್ದೆ, ಮೋರಿ, ಸೇತುವೆ, ಕೆಂಪುಕಲ್ಲಿನ ಕಂಪೌಂಡ್ ಗೋಡೆ, ಎತ್ತರಿಸಿದ ಹೆದ್ದಾರಿ ಇವೆಲ್ಲ ಇರುವ ನಿಜವಾದ ಊರಿನಲ್ಲಿ ಈ ಸಮೀಕರಣಗಳನ್ನು ಕಾಗದದ ಮೇಲೆ ಬಿಡಿಸಲು ಆಗದು. ಆದ್ದರಿಂದ ಊರನ್ನು ಸಾವಿರಾರು ಸಣ್ಣ ತುಂಡುಗಳನ್ನಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿ ಸರಳವಾದ ಅಂದಾಜು ಉತ್ತರವನ್ನು ಹುಡುಕಿ, ಅವುಗಳನ್ನು ಜೋಡಿಸುವ ಮಾರ್ಗವನ್ನು ಗಣಕಯಂತ್ರಗಳು ಹಿಡಿಯುತ್ತವೆ. ಜೋಡಿಸುವುದು ಹೇಗೆ ಎಂಬಲ್ಲಿಯೇ ವಿಧಾನಗಳು ಕವಲೊಡೆಯುತ್ತವೆ.

ಟಾರ್ಪಾಲು ಮತ್ತು ಹೆಂಚು

ರಷ್ಯಾದ ಎಂಜಿನಿಯರ್ ಬೋರಿಸ್ ಗ್ಯಾಲರ್ಕಿನ್ (1871–1945) ಕಂಬಿ ಮತ್ತು ಫಲಕಗಳ ಬಾಗುವಿಕೆಯನ್ನು ಲೆಕ್ಕ ಹಾಕಲು 1915ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಸಮೀಕರಣವನ್ನು ಎಲ್ಲ ಬಿಂದುಗಳಲ್ಲೂ ನಿಖರವಾಗಿ ಪಾಲಿಸಲಾಗದಿದ್ದರೆ ಬೇಡ; ಆರಿಸಿಕೊಂಡ ಕೆಲವು ಸರಳ ಆಕಾರಗಳ ತೂಕದಲ್ಲಿ ನೋಡಿದಾಗ ಒಟ್ಟು ತಪ್ಪು ಸೊನ್ನೆಯಾದರೆ ಸಾಕು ಎಂಬುದು ಅದರ ಸಾರ. ಮುಂದೆ ಸೇತುವೆ, ವಿಮಾನ, ಕಟ್ಟಡಗಳ ವಿನ್ಯಾಸದಲ್ಲಿ ಬಳಕೆಗೆ ಬಂದ ‘ಫೈನೈಟ್ ಎಲಿಮೆಂಟ್’ ವಿಧಾನಕ್ಕೆ ಈ ಉಪಾಯವೇ ಅಡಿಪಾಯವಾಯಿತು.

ಆ ವಿಧಾನದಲ್ಲಿ ಒಂದು ಷರತ್ತಿತ್ತು. ಪಕ್ಕಪಕ್ಕದ ತುಂಡುಗಳಲ್ಲಿ ದೊರೆತ ಉತ್ತರಗಳು ಗಡಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿರಬೇಕು. ಮಳೆಗಾಲದಲ್ಲಿ ಮಾಡಿನ ಮೇಲೆ ಎಳೆದು ಕಟ್ಟಿದ ಟಾರ್ಪಾಲಿನಂತೆ ಇಡೀ ಉತ್ತರ ಒಂದೇ ಹಾಸು. ಕಬ್ಬಿಣದ ತೊಲೆ ಬಾಗುವಾಗ ಇದು ಸರಿ; ತೊಲೆ ಎಲ್ಲಿಯೂ ತುಂಡಾಗುವುದಿಲ್ಲ. ಆದರೆ ನುಗ್ಗಿ ಬರುವ ನೀರಿಗೆ ಮುಂಚೂಣಿಯೊಂದು ಇರುತ್ತದೆ. ಅದರ ಹಿಂದೆ ಸೊಂಟದ ಮಟ್ಟದ ನೀರು, ಮುಂದೆ ಒಣ ನೆಲ. ಇಂಥ ಕಡೆ ಟಾರ್ಪಾಲಿನ ಲೆಕ್ಕ ತೊಡಕಿಗೆ ಸಿಕ್ಕುತ್ತದೆ. ಒಂದು ಮೂಲೆಯನ್ನು ಜಗ್ಗಿದರೆ ದೂರದಲ್ಲಿ ಸುಕ್ಕು ಬೀಳುವಂತೆ, ನಿಜದಲ್ಲಿ ಇಲ್ಲದ ಅಲೆಗಳು ಉತ್ತರದಲ್ಲಿ ಕಾಣಿಸಿಕೊಳ್ಳುತ್ತವೆ.

ಈ ತೊಡಕು ಕರಾವಳಿಗೆ ಹೊರಗಿನ ವಿಚಾರವಲ್ಲ. ಚಂಡಮಾರುತದ ವೇಳೆ ಕಡಲು ಎಷ್ಟು ಉಕ್ಕಬಹುದೆಂದು ಮುನ್ಸೂಚನೆ ನೀಡುವ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಬಳಸುವುದು ‘ಆಡ್ಸರ್ಕ್’ ಎಂಬ ತಂತ್ರಾಂಶವನ್ನು. ಅಮೆರಿಕದ ರಿಕ್ ಲುಟಿಕ್ ಮತ್ತು ಯೊಹಾನೆಸ್ ವೆಸ್ಟರಿಂಕ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಇದು ಅಂಟಿಕೊಂಡ ತುಂಡುಗಳ ಗ್ಯಾಲರ್ಕಿನ್ ವಿಧಾನವನ್ನೇ ಆಧರಿಸಿದೆ. ಸುಳ್ಳು ಅಲೆಗಳನ್ನು ಹತ್ತಿಕ್ಕಲು ಅದರ ಕರ್ತೃಗಳು ಮೂಲ ಸಮೀಕರಣವನ್ನೇ ಬೇರೊಂದು ರೂಪಕ್ಕೆ ತಿರುಗಿಸಿಕೊಳ್ಳಬೇಕಾಯಿತು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಚಂಡಮಾರುತ ಕಾಪು, ಪಡುಬಿದ್ರಿಯ ಕಡಲದಂಡೆಯನ್ನು ಹಾದುಹೋದಂಥ ಸಂದರ್ಭಗಳಲ್ಲಿ, ವಿಶಾಲ ಸಮುದ್ರದ ಉಬ್ಬರವನ್ನು ಲೆಕ್ಕ ಹಾಕಲು ಈ ಬಗೆಯ ತಂತ್ರಾಂಶ ಸಮರ್ಥವಾದದ್ದು. ಇದೇ ವೆಸ್ಟರಿಂಕ್ 2006ರಲ್ಲಿ ಈಥನ್ ಕುಬಾಟ್ಕೊ ಹಾಗೂ ಕ್ಲಿಂಟ್ ಡಾಸನ್ ಅವರೊಂದಿಗೆ ಸೇರಿ, ಅದೇ ಸಮೀಕರಣಗಳಿಗೆ ಡಿಜಿ ವಿಧಾನವನ್ನು ಅಳವಡಿಸಿದ ಅಧ್ಯಯನವನ್ನು ಪ್ರಕಟಿಸಿದರು ಎಂಬುದು ಅರ್ಥಪೂರ್ಣ.

ಡಿಜಿ ವಿಧಾನ ಹುಟ್ಟಿದ್ದು ನೀರಿನ ಲೆಕ್ಕಕ್ಕಲ್ಲ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ರೀಡ್ ಮತ್ತು ಹಿಲ್ ಎಂಬಿಬ್ಬರು 1973ರಲ್ಲಿ ನ್ಯೂಟ್ರಾನ್‌ಗಳ ಸಂಚಾರವನ್ನು ಲೆಕ್ಕ ಹಾಕಲು ಅದನ್ನು ಬಳಸಿದರು. 1980ರ ದಶಕದ ಕೊನೆಯಿಂದ ಬರ್ನಾರ್ಡೊ ಕಾಕ್‌ಬರ್ನ್ ಮತ್ತು ಚಿ-ವಾಂಗ್ ಶು ಅದನ್ನು ಗಾಳಿ, ನೀರುಗಳ ಹರಿವಿಗೆ ಒಗ್ಗುವಂತೆ ಬೆಳೆಸಿದರು. ಅವರು ಕೈಬಿಟ್ಟದ್ದು ಅಂಟಿಕೊಳ್ಳಬೇಕೆಂಬ ಆ ಷರತ್ತನ್ನು. ಮಂಗಳೂರು ಹೆಂಚಿನ ಮಾಡಿನಲ್ಲಿ ಪ್ರತಿ ಹೆಂಚೂ ಬಿಡಿ. ಎರಡು ಹೆಂಚುಗಳ ನಡುವೆ ಮೆಟ್ಟಿಲಿನಂಥ ಏರಿಳಿತವಿರುತ್ತದೆ. ಆದರೂ ಒಂದರ ಮೇಲೆ ಬಿದ್ದ ನೀರು ಇನ್ನೊಂದಕ್ಕೆ ಇಳಿದು ಮುಂದೆ ಸಾಗುತ್ತದೆ. ಡಿಜಿ ವಿಧಾನದ ತುಂಡುಗಳೂ ಹಾಗೆಯೇ. ಗಡಿಯ ಈಚೆಗೆ ಒಂದು ಮಟ್ಟ, ಆಚೆಗೆ ಇನ್ನೊಂದು ಮಟ್ಟ ಇರಲು ಅದು ಅವಕಾಶ ಕೊಡುತ್ತದೆ.

ಕಿಂಡಿ ಅಣೆಕಟ್ಟಿನ ಪಾಠ

ನೀರಿನ ಮಟ್ಟದಲ್ಲಿ ಹೀಗೆ ನೆಗೆತವಿರುವುದು ಗಣಿತಜ್ಞರ ಕಲ್ಪನೆಯೇನಲ್ಲ. ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿರಲಿ, ಹಳ್ಳಿಹಳ್ಳಿಗಳಲ್ಲಿ ತೋಡಿಗೆ ಅಡ್ಡವಾಗಿ ಕಟ್ಟಿದ ಕಿಂಡಿ ಅಣೆಕಟ್ಟುಗಳಿರಲಿ, ಹಲಗೆ ಹಾಕಿದ ಮೇಲೆ ಒಂದು ಬದಿಯಲ್ಲಿ ನೀರು ತುಂಬಿ ನಿಲ್ಲುತ್ತದೆ, ಇನ್ನೊಂದು ಬದಿಯಲ್ಲಿ ತಳ ಕಾಣುತ್ತದೆ. ಹಲಗೆಗಳನ್ನು ಒಮ್ಮೆಲೇ ಎತ್ತಿಬಿಟ್ಟರೆ ಏನಾಗುತ್ತದೆ? ಕೆಳಗಿನ ಕಡೆಗೆ ಒಂದು ಅಲೆ ನುಗ್ಗುತ್ತದೆ, ಮೇಲಿನ ಕಡೆಗೆ ಮಟ್ಟದ ಕುಸಿತ ಹಬ್ಬುತ್ತದೆ. ಎರಡು ಭಿನ್ನ ಸ್ಥಿತಿಗಳು ಒಂದು ಗೆರೆಯಲ್ಲಿ ಸಂಧಿಸಿದಾಗ ಮುಂದೇನು ಎಂಬ ಈ ಪ್ರಶ್ನೆಗೆ ಗಣಿತದಲ್ಲಿ ‘ರೀಮಾನ್ ಸಮಸ್ಯೆ’ ಎಂದು ಹೆಸರು. ಜರ್ಮನಿಯ ಬರ್ನ್‌ಹಾರ್ಡ್ ರೀಮಾನ್ 1860ರಲ್ಲಿ ಅನಿಲಗಳ ವಿಷಯದಲ್ಲಿ ಅದನ್ನು ಬಿಡಿಸಿದರು. ರಷ್ಯಾದ ಸೆರ್ಗೆಯ್ ಗೊದುನೊವ್ 1959ರಲ್ಲಿ ಅದನ್ನು ಗಣನೆಯ ಸಾಧನವನ್ನಾಗಿಸಿದರು. ತುಂಡುಗಳ ಪ್ರತಿಯೊಂದು ಗಡಿಯೂ ಒಂದು ಪುಟ್ಟ ಕಿಂಡಿ ಅಣೆಕಟ್ಟು ಎಂದು ಭಾವಿಸಿ, ಹಲಗೆ ಎತ್ತಿದಾಗ ಎಷ್ಟು ನೀರು ದಾಟುತ್ತದೆಂದು ಕ್ಷಣಕ್ಷಣವೂ ಲೆಕ್ಕ ಹಾಕುವುದು ಆ ಕ್ರಮ. ಡಿಜಿ ವಿಧಾನವೂ ಗಡಿಗಳಲ್ಲಿ ಇದನ್ನೇ ಅನುಸರಿಸುತ್ತದೆ.

ಇದರಿಂದ ದೊರೆಯುವ ದೊಡ್ಡ ಲಾಭ ಲೆಕ್ಕದ ಶುದ್ಧಿ. ಒಂದು ತುಂಡಿನಿಂದ ಹೊರಟ ನೀರು ಅಷ್ಟಕ್ಕಷ್ಟು ಪಕ್ಕದ ತುಂಡಿನ ಜಮೆಗೆ ಬರುತ್ತದೆ. ಅಂಟಿಕೊಂಡ ವಿಧಾನಗಳಲ್ಲಿ ಇಡೀ ನಕಾಶೆಯ ಒಟ್ಟು ಲೆಕ್ಕ ಸರಿಯಿದ್ದರೂ ಒಂದೊಂದು ಬಡಾವಣೆಯ ಲೆಕ್ಕದಲ್ಲಿ ವ್ಯತ್ಯಾಸ ನುಸುಳಬಹುದು. ಸಮುದ್ರದ ಮಟ್ಟಿಗೆ ಇದು ಸಣ್ಣ ಸಂಗತಿ. ಬನ್ನಂಜೆಯ ಒಂದು ಅಡ್ಡರಸ್ತೆಯ ಮಟ್ಟಿಗೆ ಅರ್ಧ ಅಡಿ ನೀರಿನ ವ್ಯತ್ಯಾಸವೆಂದರೆ ಅಂಗಳ ಒದ್ದೆಯಾಗುವುದಕ್ಕೂ ಅಕ್ಕಿ ಚೀಲ ತೊಯ್ಯುವುದಕ್ಕೂ ಇರುವ ವ್ಯತ್ಯಾಸ.

ಇನ್ನೊಂದು ಲಾಭವೂ ಇದೆ. ಪ್ರತಿ ತುಂಡು ತನ್ನ ಪಕ್ಕದವರೊಂದಿಗೆ ಮಾತ್ರ ವ್ಯವಹರಿಸುವುದರಿಂದ ಕೆಲಸವನ್ನು ಸಾವಿರಾರು ಸಂಸ್ಕಾರಕಗಳಿಗೆ ಹಂಚುವುದು ಸುಲಭ. ತೋಡಿನ ಅಂಚಿನಲ್ಲಿ ತುಂಡುಗಳನ್ನು ಚಿಕ್ಕದಾಗಿಯೂ ಬಯಲಿನಲ್ಲಿ ದೊಡ್ಡದಾಗಿಯೂ ಇಟ್ಟುಕೊಳ್ಳಬಹುದು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ‘ಸ್ಲಿಮ್’ ಎಂಬ ಡಿಜಿ ಆಧಾರಿತ ಮಾದರಿ ಆಸ್ಟ್ರೇಲಿಯಾದ ಮಹಾ ಹವಳ ದಿಬ್ಬಗಳ ನಡುವಿನ ಹರಿವನ್ನು ಅಧ್ಯಯನ ಮಾಡಲು ಬಳಕೆಯಾದದ್ದು ಈ ಕಾರಣದಿಂದಲೇ. ಅಲ್ಲಿ ದಿಬ್ಬಗಳ ಬಳಿ ಸೂಕ್ಷ್ಮ ಅಳತೆ ಬೇಕು, ತೆರೆದ ಕಡಲಿನಲ್ಲಿ ಬೇಡ.

ಬೆಂಗಳೂರಿನ ಪಾಲು

ಈ ಗಣಿತದ ಒಂದು ಪ್ರಮುಖ ಕೇಂದ್ರ ಇರುವುದು ಬೆಂಗಳೂರಿನ ಯಲಹಂಕದ ಬಳಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅನ್ವಯಿಕ ಗಣಿತ ಕೇಂದ್ರ ಹಲವು ದಶಕಗಳಿಂದ ಆಂಶಿಕ ಅವಕಲ ಸಮೀಕರಣಗಳ ಅಧ್ಯಯನಕ್ಕೆ ಹೆಸರಾಗಿದೆ. ಹರಿವಿನ ನಿಯಮವೇ ಒಂದು ಗೆರೆಯಲ್ಲಿ ಥಟ್ಟನೆ ಬದಲಾದರೆ ಲೆಕ್ಕ ಹೇಗೆ ಎಂಬ ಬಗ್ಗೆ ಅಲ್ಲಿನ ಆದಿಮೂರ್ತಿ ಹಾಗೂ ವೀರಪ್ಪ ಗೌಡ ಅವರು ಫ್ರಾನ್ಸಿನ ಜೆರೋಮ್ ಜಾಫ್ರೆ ಅವರೊಂದಿಗೆ ಸೇರಿ 2004ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದಲ್ಲಿ ಪ್ರಸಿದ್ಧ.

ಅದೇ ಕೇಂದ್ರದ ಪ್ರವೀಣ್ ಚಂದ್ರಶೇಖರ್ 2013ರಲ್ಲಿ ಅನಿಲದ ಹರಿವಿಗೆ ಸಂಬಂಧಿಸಿದಂತೆ ತುಂಡುಗಳ ಗಡಿಯಲ್ಲಿ ವಿನಿಮಯವನ್ನು ಲೆಕ್ಕ ಹಾಕುವ ಹೊಸ ಸೂತ್ರವೊಂದನ್ನು ಪ್ರಕಟಿಸಿದರು. ಚಲನಶಕ್ತಿಯ ಲೆಕ್ಕವೂ ಕೆಡದಂತೆ, ಉಷ್ಣಶಾಸ್ತ್ರದ ಎರಡನೆಯ ನಿಯಮವೂ ಮುರಿಯದಂತೆ ನೋಡಿಕೊಳ್ಳುವುದು ಅದರ ಹೆಗ್ಗಳಿಕೆ. ಡಿಜಿ ವಿಧಾನವನ್ನು ಆಧರಿಸಿದ ‘ಟ್ರಿಕ್ಸಿ’ ಎಂಬ ಮುಕ್ತ ತಂತ್ರಾಂಶದಲ್ಲಿ ಆ ಸೂತ್ರ ಇಂದು ಚಂದ್ರಶೇಖರ್ ಅವರ ಹೆಸರಿನಿಂದಲೇ ಸೇರಿಕೊಂಡಿದೆ. ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯೂ ಅದನ್ನು ಉಚಿತವಾಗಿ ಬಳಸಬಹುದು. ಮಲ್ಲೇಶ್ವರದಾಚೆಯ ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದಲ್ಲಿ ತಿರುಪತಿ ಗುಡಿ ಅವರು ಇದೇ ಕುಟುಂಬದ ವಿಧಾನಗಳಲ್ಲಿ ತಪ್ಪಿನ ಪ್ರಮಾಣವನ್ನು ಅಳೆಯುವ ಬಗ್ಗೆ 2010ರಲ್ಲಿ ಪ್ರಕಟಿಸಿದ ಕೆಲಸವೂ ವಿದ್ವಾಂಸರ ನಡುವೆ ಮನ್ನಣೆ ಪಡೆದಿದೆ.

ಚಂದ್ರಶೇಖರ್ ಅವರು ಮಾರ್ಕುಸ್ ಜೆಂಕ್ ಅವರೊಂದಿಗೆ 2017ರಲ್ಲಿ ಪ್ರಕಟಿಸಿದ ಇನ್ನೊಂದು ಕೆಲಸ ಉಡುಪಿಯ ವಿಷಯಕ್ಕೆ ಇನ್ನಷ್ಟು ಹತ್ತಿರವಾದದ್ದು. ಗುರುತ್ವದ ಸೆಳೆತದಲ್ಲಿ ನಿಶ್ಚಲವಾಗಿ ನಿಂತ ಗಾಳಿಯನ್ನು ಗಣಕವೂ ನಿಶ್ಚಲವಾಗಿಯೇ ಉಳಿಸಿಕೊಳ್ಳುವಂತೆ ಡಿಜಿ ವಿಧಾನವನ್ನು ಅಣಿಗೊಳಿಸುವುದು ಅದರ ಉದ್ದೇಶ. ಇದೇನು ದೊಡ್ಡ ಮಾತು ಎಂದು ಕೇಳಬಹುದು. ಶ್ರೀಕೃಷ್ಣ ಮಠದ ಮಧ್ವ ಸರೋವರದ ತಳದಲ್ಲಿ ಮೆಟ್ಟಿಲುಗಳಿವೆ. ಗಾಳಿಯಿಲ್ಲದ ಹೊತ್ತಿನಲ್ಲಿ ಅದರ ನೀರು ಕನ್ನಡಿಯಂತೆ ನಿಲ್ಲುತ್ತದೆ. ಎಚ್ಚರಿಕೆಯಿಲ್ಲದೆ ಬರೆದ ತಂತ್ರಾಂಶಕ್ಕೆ ಈ ನಿಂತ ನೀರನ್ನು ಒಪ್ಪಿಸಿದರೆ, ಮೆಟ್ಟಿಲಿನ ಇಳಿಜಾರು ಮತ್ತು ನೀರಿನ ಒತ್ತಡಗಳ ಲೆಕ್ಕ ಕೂದಲೆಳೆಯಷ್ಟು ಹೊಂದದೆ, ತಾನಾಗಿಯೇ ಅಲೆಗಳು ಎದ್ದುಬಿಡುತ್ತವೆ. ನಿಂತ ನೀರನ್ನು ನಿಲ್ಲಿಸಲಾಗದ ಲೆಕ್ಕ ಹರಿಯುವ ನೀರಿನ ಬಗ್ಗೆ ಹೇಳುವುದನ್ನು ನಂಬುವುದು ಹೇಗೆ? ಆಳ ಕಡಿಮೆಯಾದ ನೀರಿನ ಸಮೀಕರಣಗಳಿಗೂ ಇದೇ ತತ್ವವನ್ನು ಅನ್ವಯಿಸಲಾಗಿದೆ. ಒಣ ನೆಲದ ಅಂಚಿನಲ್ಲಿ ನೀರಿನ ಆಳ ಸೊನ್ನೆಗಿಂತ ಕೆಳಗಿಳಿಯುವ ಅಸಂಗತವನ್ನು ತಡೆಯುವ ಮಾರ್ಗವನ್ನು ಯುಲಾಂಗ್ ಷಿಂಗ್, ಷಿಯಾಂಗ್‌ಷಿಯಾಂಗ್ ಜಾಂಗ್ ಮತ್ತು ಚಿ-ವಾಂಗ್ ಶು 2010ರಲ್ಲಿ ತೋರಿಸಿಕೊಟ್ಟಿದ್ದಾರೆ.

ಖರ್ಚಿನ ಬಾಬತ್ತು

ಇಷ್ಟೆಲ್ಲ ಸೂಕ್ಷ್ಮ ಲೆಕ್ಕಕ್ಕೆ ತಗಲುವ ಶ್ರಮ ಎಷ್ಟು? ಉಡುಪಿ ನಗರದ 68 ಚದರ ಕಿಲೋಮೀಟರನ್ನು ಹತ್ತು ಮೀಟರ್ ಉದ್ದಗಲದ ಚೌಕಗಳನ್ನಾಗಿ ವಿಂಗಡಿಸಿದರೆ 6 ಲಕ್ಷ 80 ಸಾವಿರ ಚೌಕಗಳಾಗುತ್ತವೆ. ಪ್ರತಿ ಚೌಕದಲ್ಲಿ ತಿಳಿಯಬೇಕಾದದ್ದು ಮೂರು: ನೀರಿನ ಆಳ ಹಾಗೂ ಎರಡು ದಿಕ್ಕಿನ ಹರಿವು. ಸರಳ ವಿಧಾನದಲ್ಲಿ ಚೌಕಕ್ಕೆ ಮೂರೇ ಸಂಖ್ಯೆ ಸಾಕು. ಡಿಜಿ ವಿಧಾನದಲ್ಲಿ ಚೌಕದೊಳಗಿನ ಇಳಿಜಾರನ್ನೂ ಹಿಡಿಯುವುದರಿಂದ ಕನಿಷ್ಠ ಒಂಬತ್ತು ಬೇಕು. ಇದಕ್ಕೆ ಪ್ರತಿಫಲವೂ ಇದೆ. ಹರಿವು ನಯವಾಗಿರುವ ಕಡೆ ಚೌಕದ ಅಳತೆಯನ್ನು ಅರ್ಧಕ್ಕಿಳಿಸಿದರೆ ಸರಳ ವಿಧಾನದಲ್ಲಿ ತಪ್ಪು ಅರ್ಧವಾಗುತ್ತದೆ, ಡಿಜಿ ವಿಧಾನದಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ.

ಕಾಲದ ಲೆಕ್ಕವೂ ಇದೆ. ಎರಡು ಮೀಟರ್ ಆಳದ ನೀರಿನಲ್ಲಿ ಅಲೆಯೊಂದು ಸೆಕೆಂಡಿಗೆ ಸುಮಾರು 4.4 ಮೀಟರ್ ಸಾಗುತ್ತದೆ. ಹತ್ತು ಮೀಟರಿನ ಚೌಕವನ್ನು ಅದು ಸುಮಾರು ಎರಡೂಕಾಲು ಸೆಕೆಂಡಿನಲ್ಲಿ ದಾಟುತ್ತದೆ. ಅಲೆ ಒಂದು ಚೌಕವನ್ನು ದಾಟುವ ಮುನ್ನವೇ ಲೆಕ್ಕ ಮುಂದಿನ ಹೆಜ್ಜೆ ಇಡಬೇಕೆಂಬುದು 1928ರಲ್ಲಿ ಕೂರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ಕಂಡುಕೊಂಡ ನಿಯಮ. ಡಿಜಿ ವಿಧಾನದಲ್ಲಿ ಹೆಜ್ಜೆ ಇನ್ನೂ ಚಿಕ್ಕದು, ಇದರ ಮೂರನೆಯ ಒಂದು ಭಾಗ. ಅಂದರೆ ಮುಕ್ಕಾಲು ಸೆಕೆಂಡು. ಒಂದು ದಿನದ ನೆರೆಗೆ 1 ಲಕ್ಷ 15 ಸಾವಿರ ಹೆಜ್ಜೆಗಳು. ಚೌಕಗಳ ಸಂಖ್ಯೆಯಿಂದ ಗುಣಿಸಿದರೆ ಸುಮಾರು 7,800 ಕೋಟಿ ಬಾರಿ ಚೌಕದ ಲೆಕ್ಕವನ್ನು ಪರಿಷ್ಕರಿಸಬೇಕು. ಕೇಳಲು ಭಾರಿ ಎನಿಸಿದರೂ ಇಂದಿನ ಗ್ರಾಫಿಕ್ಸ್ ಸಂಸ್ಕಾರಕಗಳಿಗೆ ಇದು ಎಟುಕದ ಕೆಲಸವಲ್ಲ. ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇರಬಹುದಾದ ಯಂತ್ರವೇ ಸಾಕು. ಆದರೆ ಚೌಕವನ್ನು ಐದು ಮೀಟರಿಗೆ ಇಳಿಸಿದರೆ ಚೌಕಗಳು ನಾಲ್ಕು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಶ್ರಮ ಎಂಟು ಪಟ್ಟು. ಮಳೆಯ ಮುನ್ಸೂಚನೆಯೇ ಅನಿಶ್ಚಿತವಾದ್ದರಿಂದ ಹೆಚ್ಚು ಮಳೆ, ಕಡಿಮೆ ಮಳೆ, ಉಬ್ಬರದ ಹೊತ್ತಿನ ಮಳೆ, ಇಳಿತದ ಹೊತ್ತಿನ ಮಳೆ ಎಂದು ಹತ್ತಾರು ಬಾರಿ ಲೆಕ್ಕ ಓಡಿಸಬೇಕಾಗುತ್ತದೆ.

ಡಿಜಿ ವಿಧಾನವನ್ನು ಸಂಜೀವಿನಿ ಎಂದು ಬಗೆಯುವುದೂ ತಪ್ಪಾಗುತ್ತದೆ. ನೀರಿನ ಮುಂಚೂಣಿಯಂಥ ತೀವ್ರ ನೆಗೆತಗಳಿರುವ ಕಡೆ ಅದರ ಹೆಚ್ಚಿನ ನಿಖರತೆ ಉಳಿಯುವುದಿಲ್ಲ. ಏರುಪೇರುಗಳನ್ನು ಸವರಲು ‘ಲಿಮಿಟರ್’ ಎಂಬ ಕಡಿವಾಣ ಹಾಕಬೇಕು. ಕಡಿವಾಣ ಬಿಗಿಯಾದರೆ ಅಲೆ ಮಸುಕಾಗುತ್ತದೆ, ಸಡಿಲವಾದರೆ ಸುಳ್ಳು ಅಲೆ ಏಳುತ್ತದೆ. ಹಲವು ನಗರಗಳ ನೆರೆಯ ಲೆಕ್ಕಕ್ಕೆ ಸರಳ ವಿಧಾನಗಳೇ ಇಂದಿಗೂ ಬಳಕೆಯಲ್ಲಿರುವುದಕ್ಕೆ ಕಾರಣಗಳಿವೆ. ಅವುಗಳಲ್ಲಿ ದೊಡ್ಡ ಕಾರಣವೆಂದರೆ ನೆಲದ ಮಾಹಿತಿಯ ಗುಣಮಟ್ಟ.

ನೆಲದ ಎತ್ತರವೇ ತಿಳಿಯದಿದ್ದರೆ

ಇಡೀ ವಿಷಯದ ಗಂಟು ಇರುವುದು ಇಲ್ಲಿಯೇ. ನೀರು ಎತ್ತ ಹರಿಯುತ್ತದೆಂದು ಹೇಳಲು ನೆಲದ ಎತ್ತರ ಗೊತ್ತಿರಬೇಕು. ಅಮೆರಿಕದ ನಾಸಾ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಮೂಲಕ ಅಳೆದ ನೆಲದ ಎತ್ತರಗಳು ಯಾರಿಗೂ ಉಚಿತವಾಗಿ ದೊರೆಯುತ್ತವೆ. ಆದರೆ ಅವು 30 ಮೀಟರಿಗೊಂದರಂತೆ ಇರುವ ಅಂಕಿಗಳು. ಎತ್ತರದಲ್ಲಿ ಹಲವು ಮೀಟರುಗಳ ತಪ್ಪು ಇರಬಹುದು. ಕರಾವಳಿಯಲ್ಲಿ ಇನ್ನೊಂದು ತೊಂದರೆ. ರಾಡಾರ್ ಕಿರಣ ದಟ್ಟವಾದ ಮರಗಳ ತಲೆಗೆ ತಾಗಿ ಹಿಂತಿರುಗುವುದರಿಂದ ತೆಂಗು, ಅಡಿಕೆ ತೋಟಗಳಿರುವ ತಗ್ಗು ಜಾಗವೂ ಲೆಕ್ಕದಲ್ಲಿ ದಿಬ್ಬವಾಗಿ ಕಾಣುತ್ತದೆ. ಬನ್ನಂಜೆಯಂಥ ಕಡೆ ಮನೆಯೊಳಗೆ ನಿಲ್ಲುವ ನೀರು ಮೂರು ನಾಲ್ಕು ಅಡಿ. ನೆಲದ ಎತ್ತರದಲ್ಲಿಯೇ ಅದಕ್ಕಿಂತ ದೊಡ್ಡ ತಪ್ಪು ಇದ್ದರೆ ಸೂಕ್ಷ್ಮ ವಿಧಾನವೂ ಒಂದೇ, ಒರಟು ವಿಧಾನವೂ ಒಂದೇ.

ಇದಕ್ಕೆ ಪರಿಹಾರವಿಲ್ಲದಿಲ್ಲ. ವಿಮಾನ ಅಥವಾ ಡ್ರೋನ್‌ಗಳಿಂದ ಲೇಸರ್ ಕಿರಣ ಹಾಯಿಸಿ ಎಲೆಗಳ ಸಂದಿನಿಂದ ನೆಲವನ್ನು ಮುಟ್ಟುವ ‘ಲೈಡಾರ್’ ಸಮೀಕ್ಷೆ ಸೆಂಟಿಮೀಟರುಗಳ ಮಟ್ಟದ ಎತ್ತರ ಕೊಡುತ್ತದೆ. ಜೊತೆಗೆ ತೋಡು ಎಲ್ಲಿ ಎಷ್ಟು ಅಗಲ, ಮೋರಿಯ ಬಾಯಿ ಎಷ್ಟು, ಹೂಳು ಎಷ್ಟು ತುಂಬಿದೆ, ಯಾವ ಗೋಡೆ ನೀರಿಗೆ ಅಡ್ಡವಾಗಿದೆ ಎಂಬುದನ್ನು ಕಾಲ್ನಡಿಗೆಯಲ್ಲಿಯೇ ಅಳೆಯಬೇಕು. ಸೇತುವೆಗಳ ಬಳಿ ನೀರಿನ ಮಟ್ಟವನ್ನು ದಾಖಲಿಸುವ ಮಾಪಕಗಳಿರಬೇಕು. ಅಳಿವೆಯಲ್ಲಿ ಸಮುದ್ರದ ಉಬ್ಬರ ಇಳಿತಗಳ ಅಳತೆ ಬೇಕು. ಉಬ್ಬರದ ಹೊತ್ತಿನಲ್ಲಿ ಕಡಲು ತೋಡಿನ ನೀರನ್ನು ಹೊರಗೆ ಬಿಡುವುದಿಲ್ಲ. ಇವು ಯಾವುವೂ ಉನ್ನತ ಗಣಿತದ ಕೆಲಸಗಳಲ್ಲ. ನಗರಸಭೆ, ಸಣ್ಣ ನೀರಾವರಿ ಇಲಾಖೆ, ಹೆದ್ದಾರಿ ಪ್ರಾಧಿಕಾರ, ಬಂದರು ಇಲಾಖೆ ಒಟ್ಟಿಗೆ ಕುಳಿತು ಮಾಡಬೇಕಾದ ಕೆಲಸಗಳು. ಇಲಾಖೆಗಳ ಗಡಿಯಲ್ಲಿಯೂ ಲೆಕ್ಕದ ವಿನಿಮಯ ಆಗಬೇಕೆಂಬುದು ಇಲ್ಲಿಯ ತಾತ್ಪರ್ಯ.

ಮಹಾನಗರಗಳ ನಂತರ ಯಾರು?

ದೇಶದಲ್ಲಿ ಇದಕ್ಕೆ ಮಾದರಿಗಳಿವೆ. ಕೇಂದ್ರ ಭೂವಿಜ್ಞಾನ ಸಚಿವಾಲಯ ಚೆನ್ನೈ ನಗರಕ್ಕೆ ನೆರೆ ಮುನ್ಸೂಚನಾ ವ್ಯವಸ್ಥೆಯೊಂದನ್ನು ಸಿದ್ಧಪಡಿಸಿತು. 2020ರ ಜೂನ್ 12ರಂದು ಮುಂಬೈಗೆ ‘ಐಫ್ಲೋಸ್’ ವ್ಯವಸ್ಥೆಯನ್ನು ಅರ್ಪಿಸಲಾಯಿತು. ಮಳೆ, ನದಿ, ಉಬ್ಬರ ಮೂರನ್ನೂ ಒಟ್ಟಿಗೆ ಪರಿಗಣಿಸುವುದು ಅದರ ಗುಣ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ನಗರದ ನೆರೆಯ ಮಾದರಿಯನ್ನು ರೂಪಿಸಿ, ‘ಮೇಘ ಸಂದೇಶ’ ಎಂಬ ಮೊಬೈಲ್ ಆ್ಯಪ್ ಮೂಲಕ ಜನರಿಗೆ ತಲುಪಿಸಿತು. ಮೊದಲ ಪಾಲು ಮಹಾನಗರಗಳಿಗೆ ಸಂದದ್ದು ಅರ್ಥವಾಗುವಂಥದ್ದೇ. ಆದರೆ ಮುಂಬೈಗೆ ಇರುವ ಮಳೆ, ನದಿ, ಉಬ್ಬರಗಳ ತ್ರಿಕೂಟ ಉಡುಪಿಗೂ ಇದೆ. ಪೂರ್ವದಲ್ಲಿ ಕಾರ್ಕಳದ ಕಡೆಯಿಂದ ಇಳಿದು ಬರುವ ಸ್ವರ್ಣಾ, ನಡುವೆ ಇಂದ್ರಾಣಿ, ದಕ್ಷಿಣದಲ್ಲಿ ಉದ್ಯಾವರ ಹೊಳೆ, ಪಶ್ಚಿಮದಲ್ಲಿ ಅರಬ್ಬಿ ಸಮುದ್ರ. ನಗರ ಚಿಕ್ಕದಾದಷ್ಟೂ ಅಳೆಯಬೇಕಾದ ನೆಲ ಕಡಿಮೆ, ಲೆಕ್ಕದ ಖರ್ಚೂ ಕಡಿಮೆ ಎಂಬುದನ್ನು ಮರೆಯಬಾರದು.

ಮಾನವ ಸಂಪನ್ಮೂಲಕ್ಕೂ ಜಿಲ್ಲೆ ಬಡವಾಗಿಲ್ಲ. 1957ರಲ್ಲಿ ಆರಂಭವಾದ ಮಣಿಪಾಲ ತಾಂತ್ರಿಕ ಸಂಸ್ಥೆ ನಗರದೊಳಗೇ ಇದೆ. 1960ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಾಗಿ ಹುಟ್ಟಿದ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗಿಗೆ ಪ್ರತ್ಯೇಕ ವಿಭಾಗವೇ ಇದೆ. ಯಲಹಂಕದ ಗಣಿತ, ಸುರತ್ಕಲ್‌ನ ಜಲವಿಜ್ಞಾನ, ಮಣಿಪಾಲದ ಗಣಕ ಹಾಗೂ ಉಡುಪಿ ನಗರಸಭೆಯ ಅಳತೆ ಪಟ್ಟಿ ಒಂದೆಡೆ ಸೇರಿದರೆ ಬೀದಿ ಮಟ್ಟದ ಮುನ್ಸೂಚನೆ ಕನಸಾಗಿ ಉಳಿಯಬೇಕಿಲ್ಲ.

ಕೊನೆಯದಾಗಿ, ಯಾವ ಮಾದರಿಯನ್ನೇ ಕಟ್ಟಿದರೂ ಅದು ನಂಬಲರ್ಹವೇ ಎಂದು ಪರೀಕ್ಷಿಸಲು ಹಿಂದಿನ ನೆರೆಯೊಂದರ ನಿಜವಾದ ದಾಖಲೆ ಬೇಕು. 2020ರ ಸೆಪ್ಟೆಂಬರಿನಲ್ಲಿ ಯಾವ ಮನೆಯ ಗೋಡೆಯಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿತ್ತು, ಎಷ್ಟು ಗಂಟೆಗೆ ಏರಿತು, ಎಷ್ಟು ಗಂಟೆಗೆ ಇಳಿಯಿತು ಎಂಬುದು ಬನ್ನಂಜೆ, ಕಲ್ಸಂಕ, ಗುಂಡಿಬೈಲಿನ ನಿವಾಸಿಗಳಿಗೆ ಇನ್ನೂ ನೆನಪಿನಲ್ಲಿ ಇದ್ದೀತು. ಮೊಬೈಲುಗಳಲ್ಲಿ ಅಂದಿನ ಚಿತ್ರಗಳೂ ಇದ್ದಾವು. ವಾರ್ಡಿಗೊಬ್ಬರಂತೆ ಮನೆಮನೆಗೆ ಹೋಗಿ ಆ ಗುರುತುಗಳನ್ನು ಅಳೆದು ಬರೆದಿಡಲು ಮಹಾಗಣಕವೂ ಬೇಡ, ಕೋಟಿಗಟ್ಟಲೆ ಅನುದಾನವೂ ಬೇಡ. ಗೋಡೆಗೆ ಒಂದು ಸುತ್ತು ಸುಣ್ಣ ಬಳಿದರೆ ಆ ಗುರುತು ಹೋಯಿತು, ಹಳೆಯ ಮೊಬೈಲು ಕೆಟ್ಟರೆ ಚಿತ್ರವೂ ಹೋಯಿತು. ಮೊದಲು ಮಾಡಬೇಕಾದ ಕೆಲಸ ಯಾವುದೆಂದು ಆಡಳಿತ ಹುಡುಕುತ್ತಿದ್ದರೆ, ಮುಂದಿನ ಮಳೆಗಾಲದೊಳಗೆ ಮುಗಿಸಬಹುದಾದ ಕೆಲಸ ಇದು.